ಗೂಡಿನ ಪೆಟ್ಟಿಗೆ ಕೊನೆಗೆ ಬರಲಿ

ನನ್ನ ಸಾಕುಹಕ್ಕಿಗಳು ಮೊಟ್ಟೆ ಇಡುವ ಗೂಡಿನ ಪೆಟ್ಟಿಗೆಗಳೆಲ್ಲ ಈಗ ಬೀರುವಿನ ಮೇಲಿವೆ. ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದೇನೆ. ಧೂಳು ಕೂರಬಾರದು ಅಂತ ಮಾತ್ರ ಅಲ್ಲ, ಹೆಣ್ಣು ಹಕ್ಕಿಗಳ ಕಣ್ಣಿಗೆ ಬೀಳಬಾರದು ಅಂತಲೂ ಹೌದು. ಒಂದು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹಕ್ಕಿಮನೆಯ ಮುಂದೆ ದಾಟಿದರೂ ಸಾಕು, ಹೆಣ್ಣುಗಳು ಜಾಲರಿಗೆ ಬಂದು ಅಂಟಿಕೊಳ್ಳುತ್ತವೆ. ಕತ್ತು ಓರೆ ಮಾಡಿ ಆ ತೂತನ್ನೇ ನೋಡುತ್ತವೆ. ಆ ನೋಟ ಒಮ್ಮೆ ಶುರುವಾದರೆ ಅವುಗಳ ಮೈಯಲ್ಲಿ ಏನೇನೋ ಶುರುವಾಗಿಬಿಡುತ್ತದೆ. ಆಮೇಲೆ ಬೇಡ ಅಂದರೆ ಕೇಳುವುದಿಲ್ಲ.

ನಾನು ಸಾಕಿರುವುದು ಹೆಚ್ಚಾಗಿ ಬಡ್ಜಿಗಳನ್ನು. ತುಂಬಾ ಜನ ಲವ್ ಬರ್ಡ್ಸ್ ಅನ್ನುತ್ತಾರಲ್ಲ, ಅವೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲದ ದಪ್ಪ ಹಕ್ಕಿ. ಬಡ್ಜಿ ಆಸ್ಟ್ರೇಲಿಯಾದ ಒಣ ನೆಲದ್ದು. ಜೊತೆಗೆ ತಲೆಯ ಮೇಲೆ ಜುಟ್ಟಿರುವ ಗಿಳಿ ಜಾತಿಯ ಕಾಕಟೀಲ್ ಒಂದು ಜೋಡಿ ಇದೆ, ಬೇರೆ ಕಡೆ ಜೀಬ್ರಾ ಫಿಂಚ್ ಅನ್ನುವ, ಗುಬ್ಬಿಗಿಂತ ಪುಟ್ಟ ಹಕ್ಕಿಗಳು ಒಂದಿಷ್ಟಿವೆ, ಅವೂ ಆಸ್ಟ್ರೇಲಿಯಾದ ಕಡೆಯವೇ. ಮರಿ ಮಾಡಿಸುವ ಕಾಲ ಹತ್ತಿರ ಬಂದಾಗಲೆಲ್ಲ ಪರಿಚಯದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಪೆಟ್ಟಿಗೆ ಹಾಕಬೇಕು?" ನಾನೂ ಅಲ್ಲಿಂದಲೇ ಶುರು ಮಾಡಿದವಳು. ಅದಕ್ಕೆ ಒಂದು ಹಕ್ಕಿ ಬೆಲೆ ಕೊಟ್ಟಿತು. ಅದರ ಕಥೆ ಹೇಳದೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ.

ಅವಳ ಹೆಸರು ಅರಿಶಿನ. ಹಳದಿ ಮೈ, ರೆಕ್ಕೆಯ ತುದಿಯಲ್ಲಿ ಮಾತ್ರ ಸ್ವಲ್ಪ ಬೂದು. ಮನೆಗೆ ಬಂದಾಗ ಆರು ತಿಂಗಳೂ ತುಂಬಿರಲಿಲ್ಲ. ಬಡ್ಜಿ ಹೆಣ್ಣಿಗೆ ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆಗಳ ಸುತ್ತ ಇರುವ ಪಟ್ಟಿ ಕಂದು ಬಣ್ಣಕ್ಕೆ ತಿರುಗಿದರೆ ಮೊಟ್ಟೆಗೆ ಬಂದಿದೆ ಅಂತ ಎಲ್ಲೋ ಕೇಳಿದ್ದೆ. ಅರಿಶಿನಳ ಪಟ್ಟಿ ಕಂದಾಗಿತ್ತು. ಇನ್ನೇನು ಬೇಕು ಅಂದುಕೊಂಡೆ. ಪಂಜರದ ಜೊತೆಗೇ ಬಂದಿದ್ದ ಪೆಟ್ಟಿಗೆಯನ್ನು ಮೊದಲ ವಾರವೇ ನೇತು ಹಾಕಿದೆ. ತಿನ್ನಲು ಬರೀ ನವಣೆ, ಕುಡಿಯಲು ನೀರು. ಅಷ್ಟೇ.

ಎರಡು ವಾರಕ್ಕೆ ಮೊದಲ ಮೊಟ್ಟೆ ಬಂತು. ಒಂದು ದಿನ ಬಿಟ್ಟು ಎರಡನೆಯದು. ನನ್ನ ಖುಷಿಗೆ ಮಿತಿ ಇರಲಿಲ್ಲ. ಮೂರನೆಯದು ಬರಬೇಕಿದ್ದ ದಿನ ಬೆಳಿಗ್ಗೆ ಅವಳು ಪಂಜರದ ತಳದಲ್ಲಿ ಕೂತಿದ್ದಳು. ಗರಿ ಉಬ್ಬಿಸಿ ಹತ್ತಿಯ ಉಂಡೆಯ ಹಾಗಾಗಿದ್ದಳು. ಉಸಿರು ಎಳೆದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಸುಸ್ತಾಗಿರಬೇಕು, ಸುಮ್ನೆ ಬಿಡೋಣ ಅಂತ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕೈಗೆತ್ತಿಕೊಂಡೆ. ಕೊಸರಾಡಲಿಲ್ಲ. ಹೊಟ್ಟೆಯ ಕೆಳಗೆ ಗಟ್ಟಿಯಾಗಿ ಒಂದು ಗಂಟು ಬೆರಳಿಗೆ ಸಿಕ್ಕಿತು. ಅದೇ ಮೊಟ್ಟೆ. ಒಳಗೇ ಸಿಕ್ಕಿಹಾಕಿಕೊಂಡಿತ್ತು. ಹಕ್ಕಿಗಳನ್ನು ನೋಡುವ ಡಾಕ್ಟರ್ ಎಲ್ಲಿದ್ದಾರೆ ಅಂತ ಹುಡುಕುವುದರಲ್ಲೇ ಸಂಜೆಯಾಯಿತು. ರಾತ್ರಿ ಎಂಟರ ಹೊತ್ತಿಗೆ ನನ್ನ ಅಂಗೈಯಲ್ಲೇ ಕಣ್ಣು ಮುಚ್ಚಿದಳು. ಮೂವತ್ತು ಗ್ರಾಂ ತೂಕ ಅಷ್ಟು ಭಾರ ಇರಬಹುದು ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆಮೇಲೆ ಸಿಕ್ಕ ಡಾಕ್ಟರ್ ಒಬ್ಬರು ಸಮಾಧಾನವಾಗಿ ಕೂತು ಹೇಳಿದರು. ಮೊಟ್ಟೆ ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣ ಒಂದೇ ಇರುವುದಿಲ್ಲ. ವಯಸ್ಸು ಸಾಲದೆ ಇರುವುದು, ಕ್ಯಾಲ್ಸಿಯಂ ಕೊರತೆ, ಚಳಿ, ಬೊಜ್ಜು, ಹಾರಾಟವಿಲ್ಲದ ಮೈ, ಬಿಡುವಿಲ್ಲದೆ ಇಟ್ಟ ಮೊಟ್ಟೆಗಳು, ಇವುಗಳಲ್ಲಿ ಯಾವುದಾದರೂ ಎರಡು ಸೇರಿದರೂ ಸಾಕು. ಚಿಪ್ಪು ಮಾಡಲಿಕ್ಕೆ ಮಾತ್ರ ಕ್ಯಾಲ್ಸಿಯಂ ಬೇಕು ಅಂತ ನಾನು ತಿಳಿದಿದ್ದೆ. ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯು ಬಿಗಿದು ಸಡಿಲಗೊಳ್ಳುವುದಕ್ಕೂ ಅದೇ ಬೇಕು. ರಕ್ತದಲ್ಲಿ ಅದು ಕಡಿಮೆಯಾದರೆ ತಳ್ಳುವ ಶಕ್ತಿಯೇ ಇರುವುದಿಲ್ಲ. ಅರಿಶಿನ ಬೆಳಿಗ್ಗೆಯಿಂದ ಆ ಶಕ್ತಿಯಿಲ್ಲದೆಯೇ ತಳ್ಳಲು ಒದ್ದಾಡುತ್ತಿದ್ದಳು.

ಒಂದು ಲೆಕ್ಕ ಹಾಕಿ ನೋಡಿ. ಬಡ್ಜಿಯ ತೂಕ 30ರಿಂದ 40 ಗ್ರಾಂ. ಒಂದು ಮೊಟ್ಟೆ ಸುಮಾರು 2 ಗ್ರಾಂ. ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ. ಆರು ಇಟ್ಟರೆ 12 ಗ್ರಾಂ, ಅಂದರೆ ಹತ್ತಿರ ಹತ್ತಿರ ತನ್ನ ಮೈತೂಕದ ಮೂರನೇ ಒಂದು ಭಾಗ. ಅದೂ ಹತ್ತು ಹನ್ನೊಂದು ದಿನದೊಳಗೆ. ಇಷ್ಟನ್ನು ಅವಳು ಎಲ್ಲಿಂದ ತರುತ್ತಾಳೆ? ಅವತ್ತು ತಿಂದ ಕಾಳಿನಿಂದ ಅಲ್ಲ. ಮೊಟ್ಟೆಗೆ ಒಂದೆರಡು ವಾರ ಮುಂಚೆಯೇ ಹೆಣ್ಣು ಹಕ್ಕಿಯ ಕಾಲಿನ ಉದ್ದ ಮೂಳೆಗಳ ಒಳಗಿನ ಪೊಳ್ಳಿನಲ್ಲಿ ಹೊಸದಾಗಿ ಇನ್ನೊಂದು ಮೂಳೆ ಬೆಳೆಯುತ್ತದೆ. ಅದು ಮೈ ಹೊರಲು ಅಲ್ಲ, ಕ್ಯಾಲ್ಸಿಯಂ ಕೂಡಿಡಲು. ಚಿಪ್ಪು ಕಟ್ಟುವ ಹೊತ್ತಿಗೆ ಅಲ್ಲಿಂದ ಕರಗಿ ರಕ್ತಕ್ಕೆ ಬರುತ್ತದೆ. ಇದನ್ನು ಓದಿದ ದಿನ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಪೆಟ್ಟಿಗೆ ನೇತು ಹಾಕಿ ಅವಳಿಗೆ ಖರ್ಚು ಮಾಡು ಅಂದಿದ್ದೆ, ಅವಳ ಹತ್ತಿರ ಕೂಡಿಟ್ಟದ್ದೇ ಇರಲಿಲ್ಲ.

ಅಲ್ಲಿಂದ ಈಚೆಗೆ ನನ್ನ ತಯಾರಿ ತಿರುಗುಮುರುಗಾಗಿದೆ. ಮೊದಲು ಹೆಣ್ಣಿನ ಮೈ. ಆಮೇಲೆ ಊಟ, ಬೆಳಕು, ಜಾಗ, ಜೋಡಿ. ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ. ಪೆಟ್ಟಿಗೆ ಇಡುವ ದಿನಕ್ಕಿಂತ ಎರಡು ತಿಂಗಳು ಮುಂಚೆಯೇ ಕೆಲಸ ಶುರುವಾಗುತ್ತದೆ.

ಮೈ ನೋಡುವುದು ಅಂದರೆ ಹಕ್ಕಿಯನ್ನು ಕೈಯಲ್ಲಿ ಹಿಡಿಯುವುದು. ಬೆನ್ನು ಅಂಗೈಗೆ ಬರುವ ಹಾಗೆ, ಕತ್ತು ತೋರುಬೆರಳು ಮತ್ತು ನಡುಬೆರಳಿನ ನಡುವೆ. ಎದೆಯನ್ನು ಒತ್ತಬಾರದು. ಹಕ್ಕಿಗಳು ಎದೆಗೂಡು ಹಿಗ್ಗಿಸಿಯೇ ಉಸಿರಾಡುವುದು, ಬಿಗಿ ಹಿಡಿದರೆ ಉಸಿರು ಕಟ್ಟುತ್ತದೆ. ಇನ್ನೊಂದು ಕೈಯ ಬೆರಳಿನಿಂದ ಎದೆಯ ನಡುವಿನ ಮೂಳೆಯ ಮೇಲೆ ಮೆಲ್ಲಗೆ ಸವರಬೇಕು. ಚಾಕುವಿನ ಅಲಗಿನ ಹಾಗೆ ಎದ್ದು ಸಿಕ್ಕಿದರೆ ಹಕ್ಕಿ ಸೊರಗಿದೆ. ಮೂಳೆಯೇ ಸಿಗದೆ ಮೆತ್ತಗೆ ಎರಡು ಕಡೆ ಉಬ್ಬಿದ್ದರೆ ಬೊಜ್ಜು. ಎರಡು ಕಡೆಯ ಮಾಂಸದ ನಡುವೆ ಒಂದು ಸಣ್ಣ ಗೆರೆ ಸಿಕ್ಕಿದರೆ ಸರಿಯಾಗಿದೆ. ಆಮೇಲೆ ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ಒಂದು ಡಬ್ಬ ಇಟ್ಟು ತೂಕ ನೋಡುತ್ತೇನೆ. ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಒಂದು ದಿನದ ತೂಕ ಏನೂ ಹೇಳುವುದಿಲ್ಲ. ಆರು ವಾರದ ತೂಕ ಸಾಲಾಗಿ ಕಂಡರೆ ಎಲ್ಲ ಹೇಳುತ್ತದೆ.

ವಯಸ್ಸಿನ ವಿಷಯದಲ್ಲಿ ನಾನು ಈಗ ಯಾವ ರಾಜಿಗೂ ಒಪ್ಪುವುದಿಲ್ಲ. ಬಡ್ಜಿ ಹೆಣ್ಣಿಗೆ ಒಂದು ವರ್ಷ ತುಂಬಲೇಬೇಕು. ಕಾಕಟೀಲ್ ಹೆಣ್ಣಿಗೆ ಒಂದೂವರೆ ವರ್ಷ. ಜೀಬ್ರಾ ಫಿಂಚ್ ಎರಡು ಮೂರು ತಿಂಗಳಿಗೇ ಮೊಟ್ಟೆಗೆ ಬರಬಲ್ಲದು, ಆದರೆ ಎಂಟು ಒಂಬತ್ತು ತಿಂಗಳಾದರೂ ಆಗಲಿ ಅಂತ ಕಾಯುತ್ತೇನೆ. ಮೊಟ್ಟೆಗೆ ಬರುವುದೇ ಬೇರೆ, ಮೈ ಬಲಿಯುವುದೇ ಬೇರೆ. ಗರಿ ಉದುರಿಸುತ್ತಿರುವ ಹಕ್ಕಿಯನ್ನೂ ಜೋಡಿ ಮಾಡುವುದಿಲ್ಲ. ಗರಿ ಅಂದರೆ ಪೂರಾ ಪ್ರೋಟೀನ್. ಹೊಸ ಗರಿಯನ್ನೂ ಕಟ್ಟಿ ಮೊಟ್ಟೆಯನ್ನೂ ಕಟ್ಟು ಅಂದರೆ ಯಾವ ಮೈ ತಡೆದೀತು?

ಊಟದ ವಿಷಯ ಬಂದಾಗ ನನಗೆ ಮಾತು ಜಾಸ್ತಿ. ಕಾಳಿನಲ್ಲಿ ಶಕ್ತಿ ಇದೆ, ಕೊಬ್ಬಿದೆ, ಆದರೆ ಕ್ಯಾಲ್ಸಿಯಂ ತೀರಾ ಕಡಿಮೆ, ಎ ಜೀವಸತ್ವವೂ ಕಡಿಮೆ. ಬರೀ ಕಾಳಿನ ಮೇಲೆ ಹಕ್ಕಿ ಬದುಕುತ್ತದೆ, ಆದರೆ ಮೊಟ್ಟೆ ಇಟ್ಟು ಮರಿ ಸಾಕಲು ಅದು ಸಾಲುವುದಿಲ್ಲ. ಅದಕ್ಕೆ ಕಟಲ್‌ಫಿಶ್ ಬೋನ್, ಅಂದರೆ ಹಕ್ಕಿಗಳು ಕೆರೆದು ತಿನ್ನುವ, ಸುಣ್ಣದಂಥ ಕಡಲಜೀವಿಯ ಚಿಪ್ಪು, ವರ್ಷವಿಡೀ ನೇತಾಡುತ್ತಿರುತ್ತದೆ. ಬೇಯಿಸಿದ ಮೊಟ್ಟೆ, ಮೊಳಕೆ ಬರಿಸಿದ ಕಾಳು, ತುರಿದ ಕ್ಯಾರೆಟ್, ಸೊಪ್ಪು ಎರಡು ತಿಂಗಳು ಮುಂಚೆ ಶುರು. ಹಕ್ಕಿಗೆ ಮೊಟ್ಟೆ ತಿನ್ನಿಸುವುದಾ ಅಂತ ತುಂಬಾ ಜನ ಮುಖ ಕಿವುಚುತ್ತಾರೆ. ಒಂದು ಮರಿ ಚಿಪ್ಪಿನೊಳಗೆ ಬೆಳೆಯಲು ಬೇಕಾದದ್ದೆಲ್ಲ ಮೊಟ್ಟೆಯಲ್ಲಿದೆ, ಹಾಗಾಗಿ ಮೊಟ್ಟೆ ಕಟ್ಟುವವಳಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಪಾಲಕ್ ಮಾತ್ರ ಅಪರೂಪಕ್ಕೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಗೊಡುವುದಿಲ್ಲ. ಬೆಣ್ಣೆಹಣ್ಣು ಯಾವ ಕಾರಣಕ್ಕೂ ಕೊಡಬಾರದು, ಹಕ್ಕಿಗಳಿಗೆ ಅದು ವಿಷ.

ಇಲ್ಲಿ ಒಂದು ತೊಂದರೆ ಇದೆ. ಕಾಳಿನ ಮೇಲೆ ಬೆಳೆದ ಹಕ್ಕಿಗೆ ಮೊಟ್ಟೆ ಊಟ ಅಂತಲೇ ಅನ್ನಿಸುವುದಿಲ್ಲ. ನಾನು ಮೊದಲು ಇಟ್ಟಾಗ ಹನ್ನೊಂದು ದಿನ ಯಾವುದೂ ಮುಟ್ಟಲಿಲ್ಲ. ಬಟ್ಟಲಿನಿಂದ ಒಂದು ಅಡಿ ದೂರ ನಿಂತು ಕಿರುಚಿದವು. ದಿನಾ ಬೆಳಿಗ್ಗೆ ಸ್ವಲ್ಪವೇ ಇಡುವುದು, ಎರಡು ಗಂಟೆಯಲ್ಲಿ ತೆಗೆಯುವುದು. ಬೆಂದ ಮೊಟ್ಟೆ ಬೇಗ ಹಳಸುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಹನ್ನೆರಡನೇ ದಿನ ಹಸಿರು ಗಂಡೊಂದು ಧೈರ್ಯ ಮಾಡಿತು. ಒಂದು ಚೂರು ಕೊಕ್ಕಲ್ಲಿ ಹಿಡಿದು, ಉಗುಳಿ, ಮತ್ತೆ ಹಿಡಿದು ನುಂಗಿತು. ಉಳಿದವು ಕತ್ತು ಚಾಚಿ ಅದನ್ನೇ ನೋಡಿದವು. ಮೂರು ದಿನದಲ್ಲಿ ಬಟ್ಟಲು ಖಾಲಿಯಾಗತೊಡಗಿತು. ಈ ಪಾಠ ಮೊದಲೇ ಆಗಿರಬೇಕು. ಮರಿ ಬಂದ ಮೇಲೆ ಹೊಸ ಊಟ ಇಟ್ಟರೆ, ಅಪ್ಪ ಅಮ್ಮ ಅದನ್ನು ಮುಟ್ಟದಿದ್ದರೆ, ಮರಿಗಳಿಗೆ ಗುಟುಕು ಎಲ್ಲಿಂದ ಬರಬೇಕು?

ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಡಿ3ಗೆ ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ಪ್ರಯೋಜನವಿಲ್ಲ. ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆದುಬಿಡುತ್ತದೆ. ಜಾಲರಿಯ ಮೂಲಕ ನೇರವಾಗಿ ಬೀಳುವ ಎಳೆಬಿಸಿಲು ಬೇಕು, ಪಕ್ಕದಲ್ಲೇ ನೆರಳೂ ಇರಬೇಕು. ಹಾಗಂತ ಡಬ್ಬದ ಜೀವಸತ್ವವನ್ನು ಕಣ್ಣಳತೆಯಲ್ಲಿ ನೀರಿಗೆ ಸುರಿಯಬಾರದು. ಡಿ3 ಅತಿಯಾದರೆ ಅದೂ ಕೊಲ್ಲುತ್ತದೆ. ಡಾಕ್ಟರ್ ಹೇಳಿದ ಅಳತೆ, ಹೇಳಿದಷ್ಟು ದಿನ, ಅಷ್ಟೇ.

ಬೆಳಕಿನ ಕಥೆ ನನಗೆ ತುಂಬಾ ಇಷ್ಟ. 1920ರ ದಶಕದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ ಅನ್ನುವ ವಿಜ್ಞಾನಿ ಜುಂಕೋ ಅನ್ನುವ ಪುಟ್ಟ ಹಕ್ಕಿಗಳನ್ನು ಚಳಿಗಾಲದಲ್ಲಿ ಹೊರಗಿನ ಹಕ್ಕಿಮನೆಯಲ್ಲಿಟ್ಟರು. ಕೊರೆಯುವ ಚಳಿ. ಸಂಜೆ ಮೇಲೆ ವಿದ್ಯುತ್ ದೀಪ ಹಾಕಿ ದಿನವನ್ನು ಚೂರು ಚೂರೇ ಉದ್ದ ಮಾಡಿದರು. ವಸಂತಕ್ಕೆ ಬೆಳೆಯಬೇಕಿದ್ದ ಅವುಗಳ ಸಂತಾನದ ಅಂಗಗಳು ನಡುಚಳಿಗಾಲದಲ್ಲೇ ಬೆಳೆದವು. ಹಕ್ಕಿಗಳ ಮೈಯೊಳಗಿನ ಗಡಿಯಾರವನ್ನು ತಿರುಗಿಸುವುದು ಬೆಚ್ಚಗಿನ ಹವೆಗಿಂತ ಹೆಚ್ಚಾಗಿ ಹಗಲಿನ ಉದ್ದ ಅಂತ ಅಲ್ಲಿಂದ ಗೊತ್ತಾಯಿತು. ಆಮೇಲೆ ಫ್ರಾನ್ಸಿನ ಜಾಕ್ ಬೆನ್ವಾ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ, ಈ ಬೆಳಕನ್ನು ಹಕ್ಕಿ ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯ ಮೂಲಕ ಮಿದುಳಿನಿಂದಲೂ ಗ್ರಹಿಸುತ್ತದೆ ಅಂತ ತೋರಿಸಿದರು.

ಬಡ್ಜಿ ಮತ್ತು ಜೀಬ್ರಾ ಫಿಂಚ್ ಈ ವಿಷಯದಲ್ಲಿ ಸ್ವಲ್ಪ ಬೇರೆ. ಅವುಗಳ ಒಣ ನೆಲದಲ್ಲಿ ಮಳೆ ಯಾವಾಗ ಬರುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ. ಮಳೆ ಬಂತು, ಹುಲ್ಲು ತೆನೆ ಬಿಟ್ಟಿತು, ಮರದಲ್ಲಿ ಪೊಟರೆ ಸಿಕ್ಕಿತು ಅಂದರೆ ಆ ತಿಂಗಳೇ ಸುಗ್ಗಿ. ಹಾಗಾಗಿ ನಮ್ಮ ಮನೆಯ ಬಡ್ಜಿಗೆ ಹೊಟ್ಟೆ ತುಂಬಾ ಊಟ, ನೀರು, ಒಂದು ಕತ್ತಲ ತೂತು ಸಿಕ್ಕಿಬಿಟ್ಟರೆ ವರ್ಷದ ಯಾವ ದಿನವೂ ಅದಕ್ಕೆ ಮಳೆ ಬಂದ ದಿನವೇ. ಅರಿಶಿನಳಿಗೆ ನಾನು ಹೇಳಿದ್ದು ಅದನ್ನೇ ಅಲ್ವಾ? ಪೆಟ್ಟಿಗೆ ತೋರಿಸಿ, ಮಳೆ ಬಂತು ಅಂದಿದ್ದೆ.

ಗಂಡಿನ ಹಾಡೂ ಇದರಲ್ಲಿ ಸೇರಿದೆ. 1960ರ ದಶಕದಲ್ಲಿ ಬಾರ್ಬರಾ ಬ್ರಾಕ್‌ವೇ ಅನ್ನುವ ವಿಜ್ಞಾನಿ ಬಡ್ಜಿಗಳ ಮೇಲೆ ಮಾಡಿದ ಕೆಲಸದಿಂದ ತಿಳಿದದ್ದು ಇದು: ಗಂಡಿನ ಮೆಲುಗುಟ್ಟುವ ಹಾಡನ್ನು ಕೇಳುವುದರಿಂದಲೇ ಹೆಣ್ಣಿನ ಅಂಡಾಶಯ ಬೆಳೆಯತೊಡಗುತ್ತದೆ. ಗಂಡು ಹೆಣ್ಣಿನ ಪಕ್ಕ ಕೂತು, ತಲೆಗರಿ ಉಬ್ಬಿಸಿ, ಗುಟ್ಟು ಹೇಳುವ ಹಾಗೆ ಗಂಟೆಗಟ್ಟಲೆ ಗುಣುಗುಣು ಅನ್ನುತ್ತಿರುತ್ತದಲ್ಲ, ಅದು ಬರೀ ಮುದ್ದು ಅಂದುಕೊಂಡಿದ್ದೆ. ಅದಕ್ಕೇ ಈಗ ಕಾಲಕ್ಕೆ ಮುಂಚೆ ಗಂಡು ಹೆಣ್ಣುಗಳನ್ನು ಎರಡು ಭಾಗ ಮಾಡಿ ಇಡುತ್ತೇನೆ. ದೊಡ್ಡ ಭಾಗ ಹೆಣ್ಣುಗಳಿಗೆ, ಹಾರಲು ಉದ್ದ ಜಾಗ ಬೇಕಲ್ಲ. ಬೊಜ್ಜು ಕರಗುವುದು ಅಲ್ಲಿಯೇ. ಕಾಳಿನ ಬಟ್ಟಲು ಒಂದು ತುದಿಯಲ್ಲಿ, ನೀರು ಇನ್ನೊಂದು ತುದಿಯಲ್ಲಿ.

ಬೆಳಕನ್ನು ವಾರಕ್ಕೆ ಕಾಲು ಗಂಟೆ, ಅರ್ಧ ಗಂಟೆ ಅಂತ ಏರಿಸುತ್ತೇನೆ. ದಿನಕ್ಕೆ ಹದಿಮೂರು ಗಂಟೆಗೆ ನಿಲ್ಲಿಸುತ್ತೇನೆ. ರಾತ್ರಿ ದೀಪ ಫಕ್ಕನೆ ಆರಿಸಬಾರದು. ಕಾವು ಕೂತ ಹೆಣ್ಣು ಆ ಗಳಿಗೆಯಲ್ಲಿ ನೀರಿಗೆ ಹೊರಗೆ ಬಂದಿದ್ದರೆ ಕತ್ತಲಲ್ಲಿ ಪೆಟ್ಟಿಗೆಗೆ ವಾಪಸ್ ಹೋಗಲಾರದು. ಬೆಳಗಾಗುವಷ್ಟರಲ್ಲಿ ಮೊಟ್ಟೆ ತಣ್ಣಗಾಗಿರುತ್ತವೆ. ಅದಕ್ಕೆ ದೊಡ್ಡ ದೀಪ ಆರಿದ ಮೇಲೆ ಸಣ್ಣದೊಂದು ಉರಿಯುತ್ತಲೇ ಇರುತ್ತದೆ. ಕಾಕಟೀಲ್‌ಗಳಿಗೂ ಅದು ಬೇಕು. ಅವು ರಾತ್ರಿ ಸಣ್ಣ ಸದ್ದಿಗೂ ಬೆಚ್ಚಿ ಜಾಲರಿಗೆ ಹೊಡೆದುಕೊಳ್ಳುತ್ತವೆ.

ಇನ್ನು ನುಸಿ. ಕೆಂಪು ನುಸಿ ಹಗಲಲ್ಲಿ ಕಾಣುವುದೇ ಇಲ್ಲ. ಕೋಲಿನ ತುದಿಯ ಸಂದಿಯಲ್ಲಿ, ಪೆಟ್ಟಿಗೆಯ ಮೂಲೆಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕಣ್ಣು ಬಿಡದ ಮರಿಗಳನ್ನು ಅದೇ ಕೊಂದುಹಾಕಬಹುದು. ಒಂದು ವರ್ಷ ಹಕ್ಕಿಗಳು ರಾತ್ರಿಯಿಡೀ ಕಾಲು ಬದಲಿಸುತ್ತಿದ್ದವು, ನಿದ್ದೆ ಇಲ್ಲ. ಹಗಲು ಎಷ್ಟು ಹುಡುಕಿದರೂ ಏನೂ ಇಲ್ಲ. ಒಂದು ಸಂಜೆ ಪಂಜರದ ಮೇಲೆ ಬಿಳಿ ಬಟ್ಟೆ ಹೊದಿಸಿ ಮಲಗಿದೆ. ನಡುರಾತ್ರಿ ಎದ್ದು ಬಟ್ಟೆ ಮಗುಚಿ ಟಾರ್ಚ್ ಬಿಟ್ಟೆ. ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು ಓಡುತ್ತಿದ್ದವು. ಬೆರಳಿಟ್ಟು ಒತ್ತಿದರೆ ರಕ್ತದ ಗುರುತು. ನನ್ನ ಹಕ್ಕಿಗಳ ರಕ್ತ. ಮಾರನೆಯ ದಿನ ಕೋಲುಗಳನ್ನೆಲ್ಲ ಎಸೆದೆ, ಪಂಜರವನ್ನು ಕುದಿಯುವ ನೀರಲ್ಲಿ ತೊಳೆದೆ, ಡಾಕ್ಟರ್ ಕೊಟ್ಟ ಔಷಧಿಯ ಹನಿಯನ್ನು ಪ್ರತಿ ಹಕ್ಕಿಯ ಕತ್ತಿನ ಹಿಂದೆ ಹಾಕಿದೆ. ಈಗ ಪೆಟ್ಟಿಗೆ ಇಡುವ ಮುಂಚೆ ಆ ಬಿಳಿ ಬಟ್ಟೆಯ ಪರೀಕ್ಷೆ ತಪ್ಪಿಸುವುದಿಲ್ಲ. ಹೊಸ ಹಕ್ಕಿ ಬಂದರೆ ಬೇರೆ ಕೋಣೆಯಲ್ಲಿ ಒಂದೂವರೆ ತಿಂಗಳು. ಅಷ್ಟರಲ್ಲಿ ಒಳಗಿನ ರೋಗ ಇದ್ದರೆ ಹೊರಗೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಜೋಡಿಯನ್ನು ಯಾರು ಆರಿಸಬೇಕು? ಬಣ್ಣಕ್ಕಾಗಿ ಸಾಕುವವರು ತಾವೇ ಆರಿಸುತ್ತಾರೆ. ನಾನು ಹಕ್ಕಿಗಳಿಗೇ ಬಿಡುತ್ತೇನೆ. 2015ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪಕ್ಷಿವಿಜ್ಞಾನಿಗಳು ಜೀಬ್ರಾ ಫಿಂಚ್‌ಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಕೆಲವು ಹಕ್ಕಿಗಳನ್ನು ತಾವೇ ಮೆಚ್ಚಿದ ಜೋಡಿಯ ಜೊತೆ, ಇನ್ನು ಕೆಲವನ್ನು ಬೇರೆ ಹಕ್ಕಿ ಮೆಚ್ಚಿದ್ದ ಜೋಡಿಯ ಜೊತೆ ಇರಿಸಿದರು. ತಾವೇ ಮೆಚ್ಚಿದ ಜೋಡಿಗಳಲ್ಲಿ ಬದುಕುಳಿದ ಮರಿಗಳು 37 ಶೇಕಡಾ ಹೆಚ್ಚು. ಮನಸ್ಸಿಲ್ಲದ ಜೋಡಿಗಳಲ್ಲಿ ಗಂಡು ಗೂಡಿನ ಕಡೆ ಅಷ್ಟಾಗಿ ಗಮನ ಕೊಡಲಿಲ್ಲ, ಮರಿಗಳು ಮೊದಲ ದಿನಗಳಲ್ಲೇ ಹೆಚ್ಚಾಗಿ ಸತ್ತವು. ಇದನ್ನು ಓದುವ ಮುಂಚೆಯೇ ನನಗೆ ಹಾಗನ್ನಿಸಿತ್ತು. ಒಂದು ಹೆಣ್ಣು ಗಂಡಿನಿಂದ ಗುಟುಕು ತಗೊಂಡರೆ ಒಪ್ಪಿಗೆ ಅಂತ ಅರ್ಥ. ಓಡಿಸಿದರೆ ಬೇಡ ಅಂತ. ನೋಡಲು ಒಂದು ವಾರ ಬೇಕು, ಅಷ್ಟೇ. ಒಡಹುಟ್ಟಿದವು ಜೋಡಿಯಾಗದ ಹಾಗೆ ಮಾತ್ರ ನಾನು ನೋಡಿಕೊಳ್ಳಬೇಕು. ಕಾಲುಂಗುರದ ನಂಬರ್ ಮತ್ತು ನೋಟ್‌ಬುಕ್ ಇರುವುದು ಅದಕ್ಕೇ.

ಗುಂಪಿನಲ್ಲಿ ಮರಿ ಮಾಡಿಸುವುದಾದರೆ ಜಗಳಕ್ಕೆ ಕಾರಣ ಕೊಡಬಾರದು. ಬಡ್ಜಿ ಗಂಡು ಪಾಪ, ಜಗಳವೆಲ್ಲ ಹೆಣ್ಣುಗಳದ್ದು. ಒಮ್ಮೆ ಮೂರು ಜೋಡಿಗೆ ಮೂರು ಪೆಟ್ಟಿಗೆ ಹಾಕಿದ್ದೆ, ಒಂದು ಮೊಳೆ ಸ್ವಲ್ಪ ಮೇಲಿತ್ತು. ಎರಡು ಹೆಣ್ಣುಗಳಿಗೂ ಆ ಮೇಲಿನದೇ ಬೇಕು. ಸಂಜೆ ಕೆಲಸದಿಂದ ಬಂದು ನೋಡಿದರೆ ಒಂದರ ತಲೆಯ ಮೇಲೆ ರಕ್ತ, ಪೆಟ್ಟಿಗೆಯೊಳಗೆ ಒಡೆದ ಮೊಟ್ಟೆ. ಅಂದಿನಿಂದ ಮೂರು ಜೋಡಿಗೆ ಐದು ಪೆಟ್ಟಿಗೆ. ಎಲ್ಲ ಒಂದೇ ಎತ್ತರ, ಒಂದೇ ಆಕಾರ, ಒಂದೇ ದಿನ. ಜೋಡಿ ಇಲ್ಲದ ಹೆಣ್ಣು ಒಂದೂ ಒಳಗಿರಬಾರದು.

ಪೆಟ್ಟಿಗೆಯ ಬಗ್ಗೆ ಕೊನೆಗೂ ಹೇಳುತ್ತೇನೆ. ಬಡ್ಜಿಗೆ ತೂತು ಸುಮಾರು ನಾಲ್ಕೂವರೆ ಐದು ಸೆಂಟಿಮೀಟರ್ ಅಗಲ ಸಾಕು. ತಳ ನಡುವೆ ತಗ್ಗಾಗಿರಬೇಕು, ಮೊಟ್ಟೆ ಒಂದೆಡೆ ಕೂಡಿರಲು. ಚಪ್ಪಟೆಯಾಗಿ ನುಣುಪಾಗಿದ್ದರೆ ಮರಿಗಳ ಕಾಲು ಜಾರಿ ಎರಡು ಕಡೆ ಚಾಚಿಕೊಂಡು ಹಾಗೇ ಗಟ್ಟಿಯಾಗುತ್ತವೆ. ಆ ಮರಿ ಮತ್ತೆ ಕೋಲಿನ ಮೇಲೆ ಕೂರುವುದು ಕಷ್ಟ. ತಳಕ್ಕೆ ಬಡಗಿ ಹೆರೆದಾಗ ಬೀಳುವ ಮರದ ಸುರುಳಿ ಹಾಕುತ್ತೇನೆ, ಗರಗಸದ ಹೊಟ್ಟು ಬೇಡ, ಅದು ಮರಿಯ ಮೂಗು ಕಣ್ಣಿಗೆ ಹೋಗುತ್ತದೆ. ಹೆಣ್ಣು ಅದರಲ್ಲಿ ಮುಕ್ಕಾಲು ಭಾಗ ಹೊರಗೆ ಎಸೆದುಬಿಡುತ್ತಾಳೆ. ಎಸೆಯಲಿ. ಬಾಗಿಲು ಪಕ್ಕದಿಂದ ತೆಗೆಯುವ ಹಾಗಿದ್ದರೆ ಒಳ್ಳೆಯದು.

ಆ ಬಾಗಿಲು ತೆಗೆಯುವ ಕೈಯ ಪರಿಚಯವೂ ಮುಂಚೆಯೇ ಆಗಬೇಕು. ಪೆಟ್ಟಿಗೆ ಹಾಕಿದ ಮೊದಲ ದಿನದಿಂದ, ಮೊಟ್ಟೆ ಬರುವ ಮುಂಚೆಯೇ, ದಿನಾ ಒಂದೇ ಹೊತ್ತಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಅನ್ನಿಸಿ, ಒಂದು ಕ್ಷಣ ಕಾದು, ಆಮೇಲೆ ತೆಗೆಯುತ್ತೇನೆ. ಹೆಣ್ಣಿಗೆ ಆ ಸದ್ದು ಗುರುತಾಗುತ್ತದೆ. ತಾನೇ ಎದ್ದು ಹೊರಗೆ ಬರುತ್ತಾಳೆ. ಮುನ್ಸೂಚನೆ ಇಲ್ಲದೆ ತೆಗೆದರೆ ಗಾಬರಿಯಿಂದ ಮೊಟ್ಟೆ ತುಳಿಯುತ್ತಾಳೆ. ಆರನೇ ಏಳನೇ ದಿನಕ್ಕೆ ಕತ್ತಲಲ್ಲಿ ಮೊಟ್ಟೆಯ ಹಿಂದೆ ಸಣ್ಣ ಟಾರ್ಚ್ ಹಿಡಿದರೆ ಕೆಂಪು ನರಗಳ ಜೇಡರ ಬಲೆ ಕಾಣುತ್ತದೆ, ನಡುವೆ ಒಂದು ಚುಕ್ಕಿ ಮಿಡಿಯುತ್ತಿರುತ್ತದೆ. ಎಷ್ಟು ಸಲ ನೋಡಿದರೂ ನನ್ನ ಕೈ ಒಂದು ಗಳಿಗೆ ನಿಂತುಬಿಡುತ್ತದೆ. ಬಡ್ಜಿಗೆ ಅಲ್ಲಿಂದ ಮುಂದೆ ಹನ್ನೆರಡು ದಿನ ಸುಮಾರು, ಒಟ್ಟು ಹದಿನೆಂಟು. ಹೆಣ್ಣೊಬ್ಬಳೇ ಕೂರುತ್ತಾಳೆ, ಗಂಡು ಗುಟುಕು ತಂದುಕೊಡುತ್ತಾನೆ. ಕಾಕಟೀಲ್‌ಗಳಲ್ಲಿ ಸರದಿ ಇದೆ. ಹಗಲು ಹೆಚ್ಚಾಗಿ ಅಪ್ಪ, ರಾತ್ರಿ ಅಮ್ಮ.

ಬೇಸರದ ವಿಷಯವನ್ನೂ ಹೇಳಬೇಕು. ಮರಿಗಳು ಎಲ್ಲಿ ಹೋಗುತ್ತವೆ? ಮೂರು ಜೋಡಿ ಎರಡು ಸಲ ಮರಿ ಮಾಡಿದರೆ ಇಪ್ಪತ್ತೈದು ಮೂವತ್ತು ಹಕ್ಕಿ ಆಗಬಹುದು. ಅಷ್ಟಕ್ಕೆ ನನ್ನ ಹತ್ತಿರ ಜಾಗ ಇಲ್ಲ. ಚೆನ್ನಾಗಿ ನೋಡಿಕೊಳ್ಳುವ ಮನೆಗಳ ಹೆಸರು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆಯುತ್ತೇನೆ. ಹೆಸರು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಜೋಡಿಗೆ ಮಾತ್ರ ಪೆಟ್ಟಿಗೆ. ಒಂದು ವರ್ಷ ಯಾವ ಹೆಸರೂ ಇರಲಿಲ್ಲ, ಆ ವರ್ಷ ಪೆಟ್ಟಿಗೆ ಕೆಳಗೆ ಇಳಿಯಲೇ ಇಲ್ಲ. ಎರಡು ಸಲ ಮರಿ ಮಾಡಿದ ಮೇಲೆ ಎಷ್ಟೇ ಗೋಗರೆದರೂ ಪೆಟ್ಟಿಗೆ ತೆಗೆದಿಡುತ್ತೇನೆ. ಬೇಡದ ಹೊತ್ತಲ್ಲಿ ಹೆಣ್ಣು ಮೊಟ್ಟೆ ಇಟ್ಟರೆ ಅದನ್ನು ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಂಡಷ್ಟೂ ಲೆಕ್ಕ ತುಂಬಿಸಲು ಮತ್ತೆ ಮತ್ತೆ ಇಡುತ್ತಾಳೆ. ಅಷ್ಟೇ ಗಾತ್ರದ ಪ್ಲಾಸ್ಟಿಕ್ ಮೊಟ್ಟೆ ಬದಲಿಗಿಟ್ಟು, ಅವಳಿಗೇ ಸಾಕನ್ನಿಸುವವರೆಗೆ ಕೂರಲು ಬಿಡುತ್ತೇನೆ. ಬೆಳಕನ್ನೂ ಕಡಿಮೆ ಮಾಡುತ್ತೇನೆ.

ಡಾಕ್ಟರ್ ಫೋನ್ ನಂಬರ್ ಈಗ ಫ್ರಿಜ್ ಮೇಲೆ ಅಂಟಿಸಿದೆ. ರಾತ್ರಿ ನೋಡುವವರದ್ದೂ ಇದೆ. ಪಕ್ಕದ ಕಪಾಟಿನಲ್ಲಿ ಒಂದು ಸಣ್ಣ ಡಬ್ಬ, ಬಲ್ಬ್, ಥರ್ಮಾಮೀಟರ್, ಒಂದು ಒದ್ದೆ ಬಟ್ಟೆಗೆ ಬಟ್ಟಲು. ಗರಿ ಉಬ್ಬಿಸಿ ತಳದಲ್ಲಿ ಕೂತ ಹೆಣ್ಣು ಕಂಡರೆ ಆ ಕ್ಷಣವೇ 30 ಡಿಗ್ರಿಯಷ್ಟು ಬೆಚ್ಚಗೆ, ತೇವದ ಗಾಳಿಯಲ್ಲಿ ಇಟ್ಟು ಫೋನ್ ಮಾಡಬೇಕು. ಹೊಟ್ಟೆ ಒತ್ತಬಾರದು. ಒಳಗೆ ಒಡೆದರೆ ಉಳಿಯುವುದು ಕಷ್ಟ. ಇದೆಲ್ಲ ಈ ಎಂಟು ವರ್ಷದಲ್ಲಿ ಎರಡೇ ಸಲ ಬೇಕಾಗಿದೆ. ಎರಡೂ ಸಲ ಹಕ್ಕಿ ಉಳಿದಿದೆ.

ಈ ವರ್ಷ ಎರಡು ಜೋಡಿ ಅಂತ ನಿರ್ಧಾರ ಮಾಡಿದ್ದೇನೆ. ಮೊದಲ ಹೆಣ್ಣು ತಿಳಿನೀಲಿ, ಎರಡು ವರ್ಷದವಳು, 38 ಗ್ರಾಂ. ಅವಳು ತಯಾರಾಗಿದ್ದಾಳೆ. ಮೂಗಿನ ಪಟ್ಟಿ ಗಾಢ ಕಂದು, ಕೂರುವ ಕೋಲಿನ ತೊಗಟೆಯನ್ನೆಲ್ಲ ಕಡಿದು ಚಿಂದಿ ಮಾಡಿದ್ದಾಳೆ, ಕಟಲ್‌ಫಿಶ್ ಬೋನ್ ಒಂದು ವಾರದಲ್ಲಿ ಅರ್ಧ ಸವೆದಿದೆ. ಎರಡನೆಯವಳು ಹಳದಿ, ಅರಿಶಿನಳದ್ದೇ ಬಣ್ಣ. ಇವತ್ತು ಬೆಳಿಗ್ಗೆ ಕೈಯಲ್ಲಿ ಹಿಡಿದು ಕತ್ತಿನ ಹಿಂದೆ ಊದಿ ನೋಡಿದೆ. ಇನ್ನೂ ಬಿಚ್ಚಿಕೊಳ್ಳದ ಹೊಸ ಗರಿಗಳು ನಾಲ್ಕೈದು, ಮುಳ್ಳಿನ ಹಾಗೆ ಬಿಳಿಯಾಗಿ ನಿಂತಿದ್ದವು. ಬುಡದಲ್ಲಿ ರಕ್ತದ ನೀಲಿ ಇನ್ನೂ ಇತ್ತು. ಅವಳು ಬೆರಳಿಗೆ ಮೆಲ್ಲಗೆ ಕಚ್ಚಿದಳು. ಬಿಟ್ಟೆ. ಎರಡೂ ಪೆಟ್ಟಿಗೆ ಒಂದೇ ದಿನ ಹಾಕಬೇಕಲ್ಲ, ತಿಳಿನೀಲಿಯೂ ಕಾಯಬೇಕು. ನೋಟ್‌ಬುಕ್ಕಿನಲ್ಲಿ ತೂಕ ಬರೆದು, ಪಕ್ಕದಲ್ಲಿ "ಇನ್ನೂ ಎರಡು ವಾರ" ಅಂತ ಬರೆದಿದ್ದೇನೆ. ಬೆಡ್‌ಶೀಟಿನ ಗಂಟು ಬಿಚ್ಚಿಲ್ಲ.